ಬೋಳು ಗಾಡಿಗೊಂದು ಚೀಲ

ಸೋಮವಾರ ಮಧ್ಯಾಹ್ನ ನನ್ನ ಅಕ್ಕನ ಮಗಳು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅವಳ ಮುಷ್ಟಿಯಲ್ಲಿ ಹರಿದ ಚರ್ಮದ ಪಟ್ಟಿಯೊಂದು ಇತ್ತು. ನಾನು ಬೈಕಿನ ಸೀಟು ಹೊಲಿಯುವವನು. ಅವಳಿಗೆ ಸೂಜಿ ಹಿಡಿಯಲು ಕಲಿಸಿದವನೂ ನಾನೇ. ಬೈಕಿಗೆ ಹಾಕುವ ಚರ್ಮದ ಚೀಲ ಹೊಲಿಯುವುದರಲ್ಲಿ ಅವಳು ಎಂದೋ ನನ್ನನ್ನು ಮೀರಿಸಿದ್ದಳು.

“ಮಾಮ, ಗುಜರಿಯಣ್ಣ ಹೋಗ್ಬಿಟ್ಟ. ನಾನು ಹೊಲಿದ ಚೀಲ ಹಿಂದಿನ ಚಕ್ರಕ್ಕೆ ಸಿಕ್ಕಿ ಬಿದ್ದನಂತೆ. ಹೊಲಿಗೆ ಬಿಟ್ಟಿದೆ, ನಾಳೆ ನಿನ್ನ ಮೇಲೆ ಕೇಸು ಹಾಕ್ತೀನಿ ಅಂದ್ರು ಇನ್‌ಸ್ಪೆಕ್ಟರ್.” ಅಷ್ಟು ಹೇಳಿ ಅವಳು ನೆಲದ ಮೇಲೆ ಕೂತುಬಿಟ್ಟಳು. “ಬಿದ್ದ ಜಾಗದಲ್ಲಿ ಈ ಪಟ್ಟಿ ಸಿಕ್ತು, ಬಿಡಿಸಿ ನೋಡೋಕೇ ಧೈರ್ಯ ಆಗ್ಲಿಲ್ಲ. ಕೇಸು ಹಾಳಾಗಲಿ. ನನ್ನ ಹೊಲಿಗೆನೇ ಅವನನ್ನ ಕೊಂದಿತಾ? ಅದೊಂದು ಹೇಳಿ.”

ಹೇಳಬಲ್ಲವರು ಮೇಲಿನ ಕೋಣೆಯಲ್ಲಿದ್ದರು. ಅವಳನ್ನು ಅಲ್ಲಿಗೆ ಕರೆದೊಯ್ದೆ. ಕ್ರೇನಣ್ಣ ಮೂವತ್ತೆರಡು ವರ್ಷ ರಸ್ತೆಯಲ್ಲಿ ಜಜ್ಜಿಹೋದ ವಾಹನಗಳನ್ನು ಎತ್ತಿ ಸಾಗಿಸಿದವರು. ಹೆಣ ನೋಡಿ ವೈದ್ಯರು ಹೇಳುವುದನ್ನು ಅವರು ಗಾಡಿ ನೋಡಿ ಹೇಳುತ್ತಿದ್ದರು. ಪೊಲೀಸರು ಕೈಬಿಟ್ಟ ಎಷ್ಟೋ ಸಂಗತಿ ಅವರು ಬಿಡಿಸಿದ್ದಾರೆ. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತದ್ದಷ್ಟೇ ನನ್ನ ಪಾಲು.

“ಗಾಡಿ ಸುಳ್ಳು ಹೇಳಲ್ಲ ಮಗು, ನಾನೂ ಹೇಳಲ್ಲ,” ಎಂದರು ಅವರು. “ಮೊದಲು ನೀರು ಕುಡಿ. ಆಮೇಲೆ ಹೇಳು, ಆ ಮನುಷ್ಯನಿಗೆ ಚೀಲ ಯಾಕೆ ಬೇಕಾಯ್ತು?”

ಪ್ರಶ್ನೆ ಸರಿಯಾದದ್ದೇ. ಗುಜರಿಯಣ್ಣ, ಗಾಡಿ ಕಟ್ಟಿ ಬೆಸುಗೆ ಹಾಕುವ ಮೇಸ್ತ್ರಿಯ ಶೆಡ್ಡಿನಲ್ಲಿ, ತನ್ನ ಬೈಕಿನಿಂದ ಮಡ್ಗಾರ್ಡು, ಪಕ್ಕದ ಡಬ್ಬ, ಹಿಂದಿನ ಸೀಟು ಎಲ್ಲ ಬಿಚ್ಚಿಸಿ ಬೋಳು ಮಾಡಿಸಿದ್ದ. ಕೇಳಿದವರಿಗೆ, “ಈ ಗಾಡಿ ಮೇಲೆ ನಾನೇ ಒಂದು ಲಗೇಜು, ಇನ್ನೊಂದು ಯಾಕೆ?” ಎನ್ನುತ್ತಿದ್ದ.

“ಅಜ್ಜ, ಇದ್ದಕ್ಕಿದ್ದ ಹಾಗೆ ಚೀಲ ಬೇಕು ಅಂತ ಬಂದ, ನಾಲ್ಕು ಸಲ,” ಎಂದಳು ಹುಡುಗಿ. “ಸೀಟಿನ ಹಿಂದೆ ಉದ್ದ ಚೀಲ ಕಟ್ಟೋಣ ಅಂದೆ. ಸೀಟೇ ಗೇಣುದ್ದ, ಜಾಗ ಎಲ್ಲಿ? ಟ್ಯಾಂಕಿನ ಮೇಲೆ ಅಂದ್ರೆ ಬಣ್ಣ ಉಜ್ಜಿಹೋಗುತ್ತೆ ಅಂದ. ಬಲಗಡೆ ಸೈಲೆನ್ಸರು, ಚರ್ಮ ಕರಕಲಾಗುತ್ತೆ. ಉಳಿದದ್ದು ಎಡಗಡೆ ಒಂದೇ.”

“ಎಡಗಡೆ ಚಕ್ರ ಬೋಳಾಗಿ ತಿರುಗುತ್ತಲ್ಲ?”

“ಅದಕ್ಕೇ ಮೇಸ್ತ್ರಿ ಒಂದು ತಡೆಕಂಬಿ ಮಾಡಿ ಕೂರಿಸಿದ. ಚಕ್ರಕ್ಕೂ ಚೀಲಕ್ಕೂ ನಡುವೆ ನಿಲ್ಲೋ ಕಬ್ಬಿಣ. ಚೀಲ ಇಳಿಬಿಟ್ಟರೆ ಅದು ಕಾಣೋದೇ ಇಲ್ಲ.”

“ಚೀಲದ ಅಳತೆ?”

“ಒಂದು ಕೋಲು ತಂದಿದ್ದ. ಇಷ್ಟುದ್ದ ಹಿಡೀಬೇಕು, ಭಾರ ತಡೀಬೇಕು ಅಂದ. ಏನಣ್ಣ ಇಡ್ತೀಯ ಅಂದೆ. ‘ಇಡೋದು ಒಂದೇ ಸಲ’ ಅಂದ, ನಗಲಿಲ್ಲ. ಕೋಲು ನನ್ನ ಹತ್ತಿರಾನೇ ಇದೆ.” ಅವಳು ಸ್ವಲ್ಪ ಯೋಚಿಸಿದಳು. “ಚೀಲ ಕೂರಿಸೋಕೆ ಶೆಡ್ಡಿಗೆ ಹೋದ ದಿನ ಹೊರಗಿಂದಲೇ ಅವನ ದನಿ ಕೇಳ್ತು. ‘ನೀನಾಗೇ ಹೋಗಿ ಹೇಳು, ಭಾನುವಾರದ ತನಕ ಕಾಯ್ತೀನಿ.’ ಒಳಗೆ ಮೇಸ್ತ್ರಿನೂ ಇದ್ದ, ಗುಜರಿಯಣ್ಣನ ತಮ್ಮನೂ ಇದ್ದ. ಯಾರಿಗೆ ಅಂದನೋ ಗೊತ್ತಿಲ್ಲ.”

ತಮ್ಮ ಅದೇ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಅಣ್ಣನ ಗುಜರಿ ಬಿಟ್ಟು ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಅಷ್ಟಕ್ಕಷ್ಟೇ.

ಕ್ರೇನಣ್ಣ ಹರಿದ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಜೇಬಿಗೆ ಹಾಕಿಕೊಂಡರು. “ನಡಿ,” ಎಂದರು ನನಗೆ.

ಶೆಡ್ಡಿನ ಮೂಲೆಯಲ್ಲಿ ಗಾಡಿ ಒರಗಿ ನಿಂತಿತ್ತು. ಇನ್‌ಸ್ಪೆಕ್ಟರ್ ಅದರ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದರು. ಭಾನುವಾರ ಸಂಜೆ ಚೈನು ಬಿಗಿ ಮಾಡಿಸಲು ಗುಜರಿಯಣ್ಣ ಗಾಡಿಯನ್ನು ಅಲ್ಲೇ ಬಿಟ್ಟಿದ್ದನಂತೆ. ಬೆಳಿಗ್ಗೆ ಒಯ್ದು ಎರಡು ಮೈಲಿ ಹೋಗುವಷ್ಟರಲ್ಲಿ, ರಸ್ತೆ ಅಗೆದು ಕೆಂಪು ಮಣ್ಣು ಸುರಿದ ಕಡೆ ಬಿದ್ದಿದ್ದ. ಪೊಲೀಸರು ಹೆಣದ ಹಿಂದೆ ಆಸ್ಪತ್ರೆಗೆ ಹೋದರು. ಮೇಸ್ತ್ರಿಯೂ ತಮ್ಮನೂ ಗಾಡಿಯನ್ನು ವ್ಯಾನಿನಲ್ಲಿ ತಂದರು. ಇನ್‌ಸ್ಪೆಕ್ಟರ್ ಬರುವವರೆಗೆ ಎರಡು ಗಂಟೆ ಗಾಡಿ ಇಲ್ಲೇ ಇತ್ತು. ಶೆಡ್ಡಿನ ಬೀಗದ ಕೈ ಇಬ್ಬರ ಬಳಿಯೂ ಇತ್ತು.

“ನನ್ನ ಕಂಬಿ ಕದಲಿಲ್ಲ ನೋಡಿ,” ಎಂದ ಮೇಸ್ತ್ರಿ. ಅವನ ಕಣ್ಣು ಕೆಂಪಾಗಿತ್ತು. “ಹೋದ ವಾರ ಹಾಕಿದ್ದು, ಆಮೇಲೆ ಮುಟ್ಟಿಲ್ಲ. ಆ ಮಗು ಬೇಕಂತ ಮಾಡಿಲ್ಲ ಸಾರ್. ಎಳೆ ಕೈ.”

ಮೇಸ್ತ್ರಿಯ ಕೈಕೆಲಸಕ್ಕೆ ಹೆಸರಿತ್ತು. ನಟ್ಟು ಬಿಗಿ ಮಾಡಿದೊಡನೆ ಜೇಬಿನಿಂದ ಹಳದಿ ಉಗುರುಬಣ್ಣದ ಶೀಶೆ ತೆಗೆದು ನಟ್ಟಿನ ಮೇಲಿಂದ ಕಬ್ಬಿಣದವರೆಗೆ ಒಂದು ಗೆರೆ ಎಳೆಯುತ್ತಿದ್ದ. ನಟ್ಟು ಸಡಿಲವಾದರೆ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. ಹೆಂಡತಿ ಇಲ್ಲದವನ ಜೇಬಿನಲ್ಲಿ ಉಗುರುಬಣ್ಣ ಯಾರಿಗಪ್ಪಾ ಎಂದು ನಾವು ಅವನನ್ನು ರೇಗಿಸುತ್ತಿದ್ದೆವು. ಕಂಬಿಯ ಎರಡು ನಟ್ಟುಗಳ ಮೇಲೂ ಗೆರೆ ನೆಟ್ಟಗಿತ್ತು.

ನಾನು ಟಾರ್ಚು ಹಿಡಿದೆ. ಗಾಡಿ ಎಡಮಗ್ಗುಲಿಗೆ ಬಿದ್ದು ಜಾರಿತ್ತು. ಹ್ಯಾಂಡಲಿನ ತುದಿ ಸವೆದಿತ್ತು, ಕಾಲಿಡುವ ಕಡ್ಡಿ ಬಾಗಿತ್ತು, ಎಡಗಡೆಯೆಲ್ಲ ಕೆಂಪು ಮಣ್ಣು ಎಣ್ಣೆಗೆ ಅಂಟಿತ್ತು. ಚೀಲದ ಅರ್ಧ ಇನ್ನೂ ಚಕ್ರದ ಕಡ್ಡಿಗಳ ನಡುವೆ ಇತ್ತು. ತಡೆಕಂಬಿ ಮಾತ್ರ ಹೊಸ ತವದ ಹಾಗೆ ಕರ್ರಗೆ ಹೊಳೆಯುತ್ತಿತ್ತು.

“ಚೀಲದಲ್ಲಿ ಏನು ಸಿಕ್ತು ಸಾರ್?” ಕ್ರೇನಣ್ಣ ಕೇಳಿದರು.

“ಖಾಲಿ,” ಎಂದರು ಇನ್‌ಸ್ಪೆಕ್ಟರ್.

“ಖಾಲಿನಾ?” ತಮ್ಮ ತಲೆಯೆತ್ತಿದ. “ವ್ಯಾನಿಗೆ ಎತ್ತುವಾಗ ಹಿಂದುಗಡೆ ಭಾರ ಇತ್ತಲ್ಲ?”

“ಅಣ್ಣ ಸತ್ತ ಹೊತ್ತಲ್ಲಿ ಎಲ್ಲಾನೂ ಭಾರ ಆಗುತ್ತಪ್ಪ,” ಎಂದು ಮೇಸ್ತ್ರಿ ಅವನ ಹೆಗಲು ತಟ್ಟಿದ.

ಕ್ರೇನಣ್ಣ ಇನ್‌ಸ್ಪೆಕ್ಟರನ್ನು ಹೊರಗೆ ಕರೆದೊಯ್ದು ಏನೋ ಹೇಳಿದರು. ಆ ಸಂಜೆ ಶೆಡ್ಡಿಗೆ ಪೊಲೀಸರ ಬೀಗ ಬಿತ್ತು.

ಮಂಗಳವಾರ ಬೆಳಿಗ್ಗೆ ಎಲ್ಲರೂ ಅಲ್ಲಿ ಸೇರಿದೆವು. ಹುಡುಗಿ ಅಳತೆಕೋಲು ಹಿಡಿದು ಬಾಗಿಲ ಬಳಿ ನಿಂತಿದ್ದಳು. ಮೇಸ್ತ್ರಿ ಅರ್ಧ ಕಟ್ಟಿ ಬಿಟ್ಟಿದ್ದ ಬೇರೊಂದು ಬೈಕು ನಡುವೆ ನಿಂತಿತ್ತು. ಕ್ರೇನಣ್ಣ ಅದರ ನಟ್ಟೊಂದನ್ನು ಸಡಿಲಿಸಿ ಪಾನಾ ತಮ್ಮನ ಕೈಗಿಟ್ಟರು.

“ಬಿಗಿ ಮಾಡು.”

ಅವನು ಮಾಡಿ ಪಾನಾ ಕೆಳಗಿಟ್ಟ. ಮತ್ತೆ ಸಡಿಲಿಸಿ, “ಈಗ ನೀನು,” ಎಂದು ಮೇಸ್ತ್ರಿಗೆ ಕೊಟ್ಟರು.

“ಇದೇನಿದು ಯಜಮಾನ್ರೇ, ಮಕ್ಕಳಾಟ?” ಎನ್ನುತ್ತಲೇ ಮೇಸ್ತ್ರಿ ಬಿಗಿ ಮಾಡಿದ. ಎಡಗೈ ತಾನಾಗಿ ಜೇಬಿಗೆ ಹೋಯಿತು. ಶೀಶೆ ಬಂತು, ಗೆರೆ ಬಿತ್ತು.

“ಎಳೀದೆ ಬಿಡೋಕೆ ಆಗಲ್ಲ, ಅಲ್ವಾ?”

“ಇಪ್ಪತ್ತು ವರ್ಷದ ಅಭ್ಯಾಸ.”

“ಗೊತ್ತು. ಅದನ್ನೇ ನೋಡ್ಬೇಕಿತ್ತು.” ಕ್ರೇನಣ್ಣ ಮುರಿದ ಗಾಡಿಯ ಬಳಿ ಕುಕ್ಕರುಗಾಲಲ್ಲಿ ಕೂತರು. “ಸಾರ್, ಈ ಕಂಬಿ ಇದ್ದಿದ್ದರೆ ಪಟ್ಟಿ ಹರಿದರೂ ಚೀಲ ಹೊರಕ್ಕೆ ಬೀಳ್ತಿತ್ತು, ಒಳಕ್ಕೆ ಹೋಗೋಕೆ ದಾರಿನೇ ಇಲ್ಲ. ಚೀಲ ಚಕ್ರದೊಳಗಿದೆ ಅಂದ್ಮೇಲೆ ಕಂಬಿ ಆಗ ಇರಲಿಲ್ಲ. ಎಡಗಡೆ ಇರೋದೆಲ್ಲ ಮಣ್ಣು ತಿಂದಿದೆ, ಇದೊಂದು ಮಡಿಯಾಗಿದೆ. ಬಿದ್ದ ಮೇಲೆ ಯಾರೋ ತಂದು ಹಾಕಿದ್ದಾರೆ. ಬಿಚ್ಚಿ ನೋಡಿ.”

ಇನ್‌ಸ್ಪೆಕ್ಟರ್ ತಾವೇ ನಟ್ಟು ತಿರುಗಿಸಿದರು. ಹಳದಿ ಗೆರೆ ಮುರಿಯಿತು. ಕಂಬಿ ಕಳಚಿ ಬಂದಾಗ ಅದರ ಅಡಿಯಲ್ಲಿ, ವಾಷರಿನಷ್ಟೇ ದುಂಡಗೆ, ಕೆಂಪು ಮಣ್ಣು ಒತ್ತಿಕೊಂಡಿತ್ತು.

“ಹೋದ ವಾರ ಹಾಕಿದ ಕಂಬಿ ಅಡಿಗೆ ನಿನ್ನೆಯ ಮಣ್ಣು ಹೇಗೆ ಬಂತು ಮೇಸ್ತ್ರಿ?”

“ತಮ್ಮನ ಹತ್ತಿರಾನೂ ಬೀಗದ ಕೈ ಇತ್ತು,” ಎಂದ ಮೇಸ್ತ್ರಿ. “ಗೆರೆ ಎಳೆಯೋಕೆ ಪೇಂಟರಿಗೆ ಕಷ್ಟನಾ?”

“ಅಷ್ಟು ಯೋಚನೆ ಮಾಡಿ ನಿನ್ನ ಗೆರೆ ಬರೆಯೋನು ಮೊದಲು ಮಣ್ಣು ಒರೆಸ್ತಿದ್ದ. ಇದು ಯೋಚಿಸದೆ ಎಳೆದ ಗೆರೆ, ಈಗ ಎಳೆದೆಯಲ್ಲ, ಹಾಗೆ. ಮತ್ತೆ ಚೀಲ ಭಾರ ಇತ್ತು ಅಂತ ಕೇಳದೇ ಬಾಯಿಬಿಟ್ಟೋನು ಅದನ್ನ ಖಾಲಿ ಮಾಡಿರೋಕೆ ಆಗುತ್ತಾ?” ಅವರು ಕೈ ಚಾಚಿದರು. “ಮಗು, ಆ ಕೋಲು ಕೊಡು.”

ಗೋಡೆಯ ಪಕ್ಕ ಹಲಗೆಗಳ ನಡುವೆ ನಲವತ್ತು ಕೊಳವೆಗಳಿದ್ದವು. ಕ್ರೇನಣ್ಣ ಒಂದೊಂದಕ್ಕೂ ಕೋಲು ಹಿಡಿಯುತ್ತ ಹೋದರು. ಹದಿನೇಳನೆಯದು ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಹೊಂದಿತು. ಒಂದು ತುದಿಯಲ್ಲಿ ಬೆಸುಗೆ ಬಿಟ್ಟು ಮುರಿದಿತ್ತು. ಬಿರುಕಿನ ತುಂಬ ಪುಟ್ಟಿ ಮೆತ್ತಿ, ಮೇಲೆ ಹಸಿರು ಬಣ್ಣ ಹೊಡೆದಿದ್ದರು.

ತಮ್ಮ ಹತ್ತಿರ ಬಂದು ಆ ಹಸಿರನ್ನು ಮುಟ್ಟಿ ನೋಡಿದ. “ಅದು ನರ್ಸಮ್ಮನ ಗಾಡಿ ಚಾಸಿಯ ಕೊಳವೆ. ಆ ಬಣ್ಣ ನಾನೇ ಹೊಡೆದಿದ್ದು.”

ಹಿಂದಿನ ವರ್ಷ ಆಸ್ಪತ್ರೆಯ ನರ್ಸೊಬ್ಬಳು ಬೈಕಿನಿಂದ ಬಿದ್ದು ಸತ್ತಿದ್ದಳು. ಅತಿವೇಗ ಎಂದು ಬರೆದು ಕಡತ ಮುಚ್ಚಿದ್ದರು.

“ಬಿರುಕು ಮುಚ್ಚಿ ನೀನು ಕೊಟ್ಟ ಚಾಸಿ ಮುರಿದೇ ಅವಳು ಸತ್ತದ್ದು. ಆ ಚಾಸಿ ಸುತ್ತಿ ಸುತ್ತಿ ಗುಜರಿಗೆ ಬಂತು,” ಎಂದರು ಕ್ರೇನಣ್ಣ. “ಗುಜರಿಯವನ ಕಣ್ಣು, ನಿನ್ನ ಬೆಸುಗೆ ಗುರುತಿಸ್ತು. ನೇರ ದೂರು ಕೊಡಬಹುದಿತ್ತು. ಸ್ನೇಹಿತ ಅಂತ ನಿನಗೇ ಮೊದಲು ಹೇಳಿದ. ನೀನು ಹೋಗಲಿಲ್ಲ. ತಾನೇ ತಗೊಂಡು ಹೋಗೋಕೆ ಅವನು ಬೋಳು ಗಾಡಿಗೆ ಚೀಲ ಹಾಕಿಸಿದ. ಭಾನುವಾರ ನೀನು ಕಂಬಿ ಬಿಚ್ಚಿದೆ. ಕಬ್ಬಿಣದ ಭಾರಕ್ಕೆ ಚೀಲ ಒಳಕ್ಕೆ ವಾಲಿತು. ಗಾಡಿ ಇಲ್ಲಿಗೆ ಬಂದ ಮೇಲೆ ಚೀಲದಿಂದ ಇದನ್ನ ತೆಗೆದು ಈ ಕೊಳವೆಗಳ ನಡುವೆ ಬಚ್ಚಿಟ್ಟೆ, ತಪ್ಪು ಈ ಹುಡುಗಿ ತಲೆಗೆ ಕಟ್ಟೋಕೆ ಕಂಬಿ ವಾಪಸು ಹಾಕಿದೆ.”

ಮೇಸ್ತ್ರಿ ಆ ಕೊಳವೆಯನ್ನೇ ನೋಡುತ್ತಿದ್ದ. “ಒಂದೇ ಒಂದು ಬೆಸುಗೆ ಯಜಮಾನ್ರೇ. ಅವತ್ತು ಜ್ವರ ಇತ್ತು ನನಗೆ,” ಎಂದ. ಆಮೇಲೆ ಕೈ ಮುಂದೆ ಮಾಡಿದ. ಶೀಶೆ ಇನ್ನೂ ಬೆರಳ ನಡುವೆಯೇ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಬಿಡಿಸಿಕೊಳ್ಳಬೇಕಾಯಿತು.

ನಾವು ಮೂವರೂ ನಡೆದೇ ಅಂಗಡಿಗೆ ಬಂದೆವು. ಕ್ರೇನಣ್ಣ ಜೇಬಿನಿಂದ ಪಟ್ಟಿ ತೆಗೆದು ಹುಡುಗಿಯ ಅಂಗೈಯಲ್ಲಿಟ್ಟರು. “ನೋಡು. ಹರಿದಿರೋದು ಚರ್ಮ. ನಿನ್ನ ಒಂದು ಹೊಲಿಗೆನೂ ಬಿಟ್ಟಿಲ್ಲ.”

ಅವಳು ಬೆರಳಿನಿಂದ ಹೊಲಿಗೆಗಳನ್ನು ಒಂದೊಂದಾಗಿ ಮುಟ್ಟಿದಳು. ಮುಖ ಹಗುರವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಆಗಲಿಲ್ಲ.

“ಅಜ್ಜ, ಹೊಲಿಗೆ ಬಿಟ್ಟಿದ್ರೆ ಚೀಲ ಕಳಚಿ ರಸ್ತೆಗೆ ಬೀಳ್ತಿತ್ತು, ಅಲ್ವಾ? ಚಕ್ರ ಕಚ್ಚಿಕೊಳ್ತಿರಲಿಲ್ಲ. ಗುಜರಿಯಣ್ಣ ಉಳೀತಿದ್ದ.”

ಕ್ರೇನಣ್ಣ ನನ್ನ ಕಡೆ ನೋಡಲಿಲ್ಲ. “ಇಲ್ಲ ಮಗು,” ಎಂದರು. “ಅಷ್ಟು ಭಾರಕ್ಕೆ ಹೇಗಿದ್ದರೂ ಬೀಳ್ತಿದ್ದ.”

ಅವಳು ಅವರ ಮುಖವನ್ನೇ ನೋಡಿ, ಕೊನೆಗೆ ತಲೆಯಾಡಿಸಿ, ಪಟ್ಟಿಯನ್ನು ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನು ನಲವತ್ತು ವರ್ಷ ಚರ್ಮ ಹೊಲಿದವನು, ಹೊಲಿಗೆ ಬಿಟ್ಟರೆ ಏನಾಗುತ್ತದೆಂದು ಬಲ್ಲವನು. ಸೂಜಿಗೆ ದಾರ ಪೋಣಿಸತೊಡಗಿದೆ.