ಸರ್ಜಾ ಯಾಕೆ ಕಚ್ಚಿತು

"ಹಿಡ್ಕೋ ಅದನ್ನ, ಕಾಂಚನ," ಅಂದ ಅಮೋಲ್. ಅವನ ಅಂಗಿಯ ತೋಳು ಆಗಲೇ ಸರ್ಜಾನ ಬಾಯಲ್ಲಿತ್ತು.

ಕಾಂಚನ ಗೇಟಿಗೆ ಓಡಿಬಂದು ಸರಪಳಿ ಎಳೆದಳು. ಸರ್ಜಾ ಬಿಟ್ಟಿತು. ಆದರೆ ಅಮೋಲನ ಮುಂಗೈ ಮೇಲೆ ಎರಡು ಹಲ್ಲಿನ ಗುರುತು ಮೂಡಿ, ಒಂದರಿಂದ ರಕ್ತ ಜಿನುಗುತ್ತಿತ್ತು. ಪಾಪ, ಅವಳ ತರಗತಿಯ ಹುಡುಗ, ಗಣಿತದ ನೋಟುಪುಸ್ತಕ ಕೇಳಲು ಬಂದಿದ್ದ, ಅಷ್ಟೇ.

ಸರ್ಜಾ ಕಾರವಾನ ಜಾತಿಯ ಬೇಟೆನಾಯಿ. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ಕಂದಲಗಾಂವದ ಹೊಲದಲ್ಲಿ ಅದು ಓಡಿದರೆ ಜೋಳದ ದಂಟು ಅಲ್ಲಾಡಿದ್ದು ಕಾಣುತ್ತಿತ್ತು, ನಾಯಿ ಕಾಣುತ್ತಿರಲಿಲ್ಲ. ಕಾಂಚನಳ ಮುತ್ಯಾ, ಅಂದರೆ ಅಜ್ಜ ಭೀಮಣ್ಣ, ಅದನ್ನು ಸಣ್ಣ ಮರಿಯಿದ್ದಾಗ ತಂದಿದ್ದ. ಈಗ ಅದಕ್ಕೆ ನಾಲ್ಕು ವರ್ಷ. ಇತ್ತೀಚೆಗೆ ಎರಡು ಸಲ ಓಡಿಹೋಗಿ, ಬೇರೆ ಗಂಡುನಾಯಿಗಳ ಜೊತೆ ಕಾದಾಡಿ, ಕಿವಿ ಹರಿದುಕೊಂಡು ಬಂದಿತ್ತು. ಈಗ ಇದು.

ಅಮೋಲನಿಗೆ ದವಾಖಾನೆಯಲ್ಲಿ ಸೂಜಿ ಹಾಕಿಸಿದರು. ಸಂಜೆ ಅವನ ಅಜ್ಜಿ ಜನಾಬಾಯಿ ಬಂದು ಕಟ್ಟೆಯ ಮೇಲೆ ಕೂತಳು. ಬೈಯಲಿಲ್ಲ.

"ಭೀಮಣ್ಣಾ, ಇವತ್ತು ಕೈ. ನಾಳೆ ಸಣ್ಣ ಕೂಸಿನ ಮಾರಿಗೆ ಬಾಯಿ ಹಾಕಿದ್ರ?" ಅಂದಳು.

ಅವಳು ಹೋದ ಮೇಲೆ ಕಾಂಚನಳ ಚಿಕ್ಕಪ್ಪ ಸೋಮೇಶ ಕಾಕಾ, "ಮಂಗಳವೇಢೆದಾಗ ನನ್ನ ದೋಸ್ತ ಅದಾನ. ಅವನಿಗೆ ಕೊಟ್ಟುಬಿಡೂಣು," ಅಂದ.

ಕಾಂಚನ ಅವ್ವನ ಕಡೆ ತಿರುಗಿದಳು.

"ಕೊಡೂದು ಬ್ಯಾಡ," ಅಂದಳು ಅವ್ವ ಸಾತವ್ವ. "ನಸಬಂದಿ ಮಾಡಿಸಿದ್ರ ಶಾಂತ ಆಗತಾವಂತ."

"ನಸಬಂದಿ ಅಂದ್ರೇನವ್ವಾ?"

"ಮುಂದ ಮರಿ ಹುಟ್ಟದಂಗ ಆಪರೇಶನ್ ಮಾಡ್ತಾರ. ಹೋರಿಗೆ ಬೀಜ ಒಡಸಿ ಎತ್ತು ಮಾಡ್ತಾರಲ್ಲಾ, ಹಂಗ."

ಮುತ್ಯಾ ಮುಖ ಸಿಂಡರಿಸಿದ. "ಬ್ಯಾಟಿ ನಾಯಿ ಅದು. ಹಂಗ ಮಾಡಿದ್ರ ಓಡೂದು ಬಿಟ್ಟು ಮೂಲ್ಯಾಗ ಕೂಡತೈತಿ."

ಓಡದ ಸರ್ಜಾ ಹೇಗಿರುತ್ತದೆ? ಕಾಂಚನ ಎಷ್ಟು ಯೋಚಿಸಿದರೂ ಅದು ಅವಳ ಕಣ್ಣ ಮುಂದೆ ಬರಲಿಲ್ಲ.

ಮರುದಿನ ಕಾಕಾನ ಟೆಂಪೋದಲ್ಲಿ ಸರ್ಜಾನನ್ನು ಸೊಲ್ಲಾಪುರಕ್ಕೆ ಒಯ್ದರು. ಅಲ್ಲಿಯ ಪಶುವೈದ್ಯೆ ಡಾಕ್ಟರ್ ಪ್ರಣಿತಾ ಅದರ ಬಾಯಿ, ಕಿವಿ, ಬೆನ್ನು ಎಲ್ಲ ನೋಡಿದರು.

"ಆಪರೇಶನ್ ಆದ ಮ್ಯಾಲೆ ಓಡತೈತ್ರಿ?" ಕಾಂಚನ ಕೇಳಿದಳು.

"ಓಡತೈತಿ ತಂಗಿ. ನಾವು ಕಾಲಿಗೆ ಏನೂ ಮಾಡಂಗಿಲ್ಲ. ಆದ್ರ ಜಾಸ್ತಿ ಊಟ ಹಾಕಿ ದಪ್ಪ ಮಾಡಬಾರದು."

"ಮೊಲ ಕಂಡ್ರ ಬೆನ್ನ ಹತ್ತತೈತ್ರಿ?"

"ಹತ್ತತೈತಿ. ಅದು ಅದರ ರಕ್ತದಾಗ ಐತಿ."

ಮುತ್ಯಾ ಇದನ್ನು ಕಿವಿಗೊಟ್ಟು ಕೇಳಿದ.

"ಮತ್ತ ಕಚ್ಚೂದು ಬಿಡತೈತ್ರಿ?" ಅಂದಳು ಕಾಂಚನ.

ಡಾಕ್ಟರ್ ಹೇಳಿದರು. "ಹೆಣ್ಣುನಾಯಿ ವಾಸನಿ ಹಿಡದು ಓಡಿ ಹೋಗೂದು, ಗಂಡುನಾಯಿ ಜೋಡಿ ಜಗಳ, ಇವು ಕಮ್ಮಿ ಆಗಬಹುದು. ಮಂದಿಗೆ ಕಚ್ಚೂದು ಹೇಳಾಕ ಬರಂಗಿಲ್ಲ. ಅಂಜಿ ಕಚ್ಚಿದ್ರ ಆಪರೇಶನ್ ಮಾಡಿದ್ರೂ ಅಂಜಿಕಿ ಹೋಗಂಗಿಲ್ಲ. ಒಮ್ಮೊಮ್ಮೆ ಜಾಸ್ತಿನೂ ಆಗತೈತಿ. ಯಾವಾಗ ಕಚ್ಚತೈತಿ ಇದು?"

ಕಾಂಚನ ಮುತ್ಯಾನ ಮುಖ ನೋಡಿದಳು, ಮುತ್ಯಾ ಕಾಕಾನ ಮುಖ ನೋಡಿದ.

"ಎಂಟು ದಿನ ದೂರದಿಂದ ನೋಡ್ರಿ. ಗೇಟಿಗೆ ಕೀಲಿ ಹಾಕ್ರಿ. ಆಮ್ಯಾಲೆ ಬರ್ರಿ," ಅಂದರು ಡಾಕ್ಟರ್.

ಕಾಂಚನ ದಿನಾ ಶಾಲೆಯಿಂದ ಬಂದವಳೇ ಕಿಟಕಿಯ ಹತ್ತಿರ ಕೂತಳು. ಮುತ್ಯಾನ ಜೊತೆ ಹೊಲಕ್ಕೆ ಹೋದಾಗ ಸರ್ಜಾ ಯಾರ ಮೇಲೂ ಗುರ್ ಅನ್ನಲಿಲ್ಲ. ಕಳೆ ತೆಗೆಯುವ ಹೆಂಗಸರನ್ನು ನೋಡಿ ದೂರದಿಂದ ಸುತ್ತುಹಾಕಿ ಹೋಯಿತು.

ಗೇಟಿನ ಹತ್ತಿರ ಮಾತ್ರ ಬೇರೆ. ಹೊರಗೆ ಯಾರಾದರೂ ನಿಂತರೆ ಸರ್ಜಾ ಮೊದಲು ಮುಖ ತಿರುಗಿಸುತ್ತಿತ್ತು. ಆಮೇಲೆ ಹಿಂದೆ ಸರಿಯುತ್ತಿತ್ತು. ಇನ್ನೂ ಹಿಂದೆ. ಸರಪಳಿ ಬಿಗಿಯಾಗಿ ಇನ್ನು ಸರಿಯಲು ಜಾಗ ಇಲ್ಲ ಎಂದಾಗ ಹಲ್ಲು ತೋರಿಸುತ್ತಿತ್ತು.

ಎರಡನೇ ದಿನವೂ ಹಾಗೇ. ಐದನೇ ದಿನವೂ ಹಾಗೇ.

ಸರ್ಜಾ ಮೊದಲು ಇರುತ್ತಿದ್ದದ್ದು ಹಿತ್ತಲಲ್ಲಿ. ದೀಪಾವಳಿ ರಜೆ ಮುಗಿದ ಮೇಲೆ ಅದನ್ನು ಗೇಟಿಗೆ ತಂದು ಕಟ್ಟಿದವಳು ಕಾಂಚನ. ಶಾಲೆಯ ಹುಡುಗರು ಹೋಗಿಬರುವಾಗ ನಿಂತು ನೋಡಲಿ ಅಂತ. ಅವರು ನಿಂತು ನೋಡುತ್ತಿದ್ದರು ಕೂಡ. ಕೆಲವರು ಕಡ್ಡಿ ಅಲ್ಲಾಡಿಸುತ್ತಿದ್ದರು. ಅವಳು ನಗುತ್ತಿದ್ದಳು.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಎಂಟನೇ ದಿನ ಡಾಕ್ಟರ ಮುಂದೆ ಅವಳೇ ಎಲ್ಲ ಹೇಳಿದಳು. ಕೊನೆಗೆ ದನಿ ಸಣ್ಣದಾಯಿತು. "ಗೇಟಿಗೆ ಕಟ್ಟಿದ್ದು ನಾನ್ರಿ."

"ಕಟ್ಟಿದ್ದು ನೀನು," ಅಂದ ಮುತ್ಯಾ. "ದಿನಾ ಕಂಡೂ ಸುಮ್ಮನಿದ್ದಾವ ನಾನು." ಆಮೇಲೆ ಡಾಕ್ಟರ ಕಡೆ ತಿರುಗಿದ. "ಮೊದಲು ಹಿತ್ತಲಕ್ಕ ಒಯ್ತೀನ್ರಿ. ಅಂಜಿಕಿ ಕಮ್ಮಿ ಆತಂದ್ರ ಒಂದ ತಿಂಗಳಿಗೆ ಆಪರೇಶನ್ ಮಾಡ್ರಿ. ಓಡಿ ಹೋಗಿ ಎಲ್ಲೋ ಸಾಯೂದು ಬ್ಯಾಡ."

ಹಿತ್ತಲಲ್ಲಿ ಬೇವಿನ ಮರದ ಸುತ್ತ ಎತ್ತರದ ತಂತಿಬೇಲಿ ಬಂತು. ಒಳಗೆ ಸರಪಳಿ ಇರಲಿಲ್ಲ. ಜನಾಬಾಯಿ ಎರಡು ಸಲ ಬಂದು ಬೇಲಿ ಅಲ್ಲಾಡಿಸಿ ನೋಡಿ ಹೋದಳು. ಸರ್ಜಾ ಎರಡು ಸಲವೂ ಮರದ ಹಿಂದಕ್ಕೆ ಹೋಗಿ ಮಲಗಿತು. ಮಂಗಳವೇಢೆಯ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ.

ಒಂದು ತಿಂಗಳ ಮೇಲೆ ಆಪರೇಶನ್ ಆಯಿತು. ಮಂಪರಿನಲ್ಲಿದ್ದ ಸರ್ಜಾನನ್ನು ಡಾಕ್ಟರ ಕೋಣೆಯಲ್ಲಿ ಒಂದು ಚಾದರದ ಮೇಲೆ ಮಲಗಿಸಿದ್ದರು. ಅದು ತಲೆ ಎತ್ತಿತು. ತಲೆ ಓಲಾಡಿತು.

ಕಾಂಚನಳ ಕೈ ತಾನಾಗಿ ಮುಂದೆ ಹೋಯಿತು. ಸರ್ಜಾ ಮುಖ ತಿರುಗಿಸಿತು.

ಕಾಂಚನ ಕೈ ಹಿಂದಕ್ಕೆ ತೆಗೆದುಕೊಂಡಳು. ಎರಡು ಮಾರು ದೂರ ಸರಿದು, ಗೋಡೆಗೆ ಒರಗಿ ಕೂತಳು. ಒಳಗೆ ಬಂದ ಮುತ್ಯಾನಿಗೂ ಅಲ್ಲೇ ನಿಲ್ಲು ಎಂದು ಕೈಸನ್ನೆ ಮಾಡಿದಳು.

ಸರ್ಜಾ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿತು. ಯಾರೂ ಹತ್ತಿರ ಬರಲಿಲ್ಲ. ಅದು ಉದ್ದ ಮೂತಿಯನ್ನು ಚಾದರದ ಮೇಲಿಟ್ಟು, ಕಣ್ಣು ಮುಚ್ಚಿತು.