ನರ್ಸಮ್ಮ ಉಂಡಾಲಿ!

"ಆ ಕಾಗದ ಗ್ವಾಡಿಗೆ ಹಚ್ಚಬ್ಯಾಡ್ರಿ!"

ಬಾಗಿಲಲ್ಲಿ ಗುಡುಗಿದ ದನಿಗೆ ನರ್ಸ್ ನವನೀತಾಳ ಕೈಯಿಂದ ಅಂಟಿನ ಡಬ್ಬಿ ಜಾರಿತು. ತಿರುಗಿ ನೋಡಿದಳು. ಹೆಗಲಿಗೆ ಕರಿಕಂಬಳಿ, ಕಣ್ಣಲ್ಲಿ ಕೆಂಡ...

"ಯಾರ್ರಿ ನೀವು?"

"ಮೌನೇಶ್. ಕುರಿಗಾರರ ಕಿಷ್ಟಪ್ಪನ ಮಗ."

"ಹೆಸರು ಮೌನೇಶ್, ಬಾಯಿ ಮಾತ್ರ ಡಂಗುರ!"

ಬಿಪಿ ಗುಳಿಗೆಗೆ ಬಂದು ಕೂತಿದ್ದ ಮುದುಕಿ ಆಶಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಅವನು ನಗಲಿಲ್ಲ.

ಕಾಗದದಲ್ಲಿದ್ದದ್ದು ಸರ್ಕಾರದ ಹೊಸ ಸುಧಾರಣೆ. ಮನೆಮನೆಗೂ ಆರೋಗ್ಯ ಕಾರ್ಡು, ಗದ್ವಾಲಿನ ದೊಡ್ಡ ದವಾಖಾನೆಯಲ್ಲಿ ಉಚಿತ ಚಿಕಿತ್ಸೆ. ಆದರೆ ನರ್ಸ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಲ್ಲಿಗೆ ವರ್ಗವಾದರೆ, ತೆಲುಗು ನಾಡಿನ ಗಡಿಯ ಉಟ್ಕೂರ್ ಸೀಮೆಯ ಈ ಪುಟ್ಟ ಆರೋಗ್ಯ ಕೇಂದ್ರಕ್ಕೆ ಬೀಗ!

"ಕಾರ್ಡು ಬಂದು ಹೆರಿಗಿ ಮಾಡಿಸ್ತೈತೇನ್ರಿ?"

"ಇಲ್ಲಿ ಡಾಕ್ಟರ್ ಇಲ್ಲ, ರಕ್ತ ಇಲ್ಲ. ಬರೇ ನನ್ನ ಎರಡು ಕೈ! ಹ್ವಾದ ವರ್ಷ ಒಬ್ಬ ಬಾಣಂತಿ ಇದೇ ಕೈಯಾಗ..." ಅವಳು ತನ್ನ ಅಂಗೈ ನೋಡಿಕೊಂಡಳು. "ಗದ್ವಾಲಿಗೆ ಹೋಗಿದ್ರ ಉಳೀತಿದ್ಲು."

ಮೌನೇಶ್ ಹೆಗಲ ಕಂಬಳಿ ಸರಿಪಡಿಸಿಕೊಂಡ.

"ಗದ್ವಾಲಿಗೆ ಒಯ್ಯಾಕ ಆಟೋ ಬರೂತನಕ ನಮ್ಮವ್ವನ ಜೀವ ಕಾಯಲಿಲ್ಲರೀ, ನರ್ಸಮ್ಮ."

ಇಬ್ಬರ ಮಾತೂ ಸತ್ಯವೇ. ಎರಡು ಸತ್ಯಗಳು ಎದುರುಬದುರು ನಿಂತಾಗ ದೇವರೂ ತುಸು ತಡೆದು ತೀರ್ಪು ಕೊಡುತ್ತಾನೆ.

ಆಮೇಲೆ ಪ್ರತಿ ಬುಧವಾರ, ಲಸಿಕೆಯ ದಿನ, ಅವನು ಹಟ್ಟಿಯ ಕೂಸುಗಳನ್ನು ಕಂಬಳಿಯಲ್ಲಿ ಸುತ್ತಿ ತರುತ್ತಿದ್ದ. ಬಂದವನು ಜಗಳವಾಡದೆ ಹೋಗುತ್ತಿರಲಿಲ್ಲ. ಮಂಗಳವಾರವೇ ಅವಳ ಎದೆ ಬುಧವಾರವನ್ನು ಕಾಯತೊಡಗಿತು! ಒಪ್ಪಿಗೆ ಪತ್ರ ಸಹಿಯಿಲ್ಲದೆ ಮೇಜಿನ ಮೇಲೇ ಉಳಿಯಿತು.

ಸಹಿಗೆ ಕೊನೆಯ ದಿನ. ಕೇಂದ್ರ ಮುಚ್ಚಬಾರದೆಂದು ಮಕ್ತಲ್‌ನಲ್ಲಿ ಊರವರ ಧರಣಿ. ಇಳಿಹೊತ್ತಿಗೆ ಅಲ್ಲಿಂದ ಆಶಮ್ಮ ಏದುಸಿರು ಬಿಡುತ್ತ ಬಂದಳು.

"ಯವ್ವಾ, ಕೆಟ್ಟಿತು! ಆ ಮೌನೇಶ ಮೈಕ್ ಹಿಡ್ದು ಒದರ್‍ಯಾನ! 'ನರ್ಸಮ್ಮ ಉಂಡಾಳ, ನರ್ಸಮ್ಮ ಉಂಡಾಳ' ಅಂತ! ಮಂದೆಲ್ಲ ದನಿ ಕೂಡಿಸ್ಯಾರ!"

ಉಂಡಾಳ...!

'ಊರಿನ ಔಷಧಿ ನಾನು ನುಂಗಿದೆನೆ? ವಾದದಲ್ಲಿ ಸೋತು ನನ್ನ ಮಾನಕ್ಕೇ ಕೈಹಾಕಿದನೆ?'

ಕಣ್ಣೀರು ಒರೆಸಿಕೊಂಡು ಸಹಿ ಗೀಚಿದಳು. ಪತ್ರ ಹಿಡಿದು ಹೊರಬಂದು ಬೀಗ ಹಾಕುತ್ತಿರುವಾಗ ಹಿಂದಿನಿಂದ ಒಡಕು ದನಿ.

"ಬೀಗ ಯಾಕ್ರಿ?"

"ಉಂಡದ್ದು ಸಾಕಾತು, ಅದಕ್ಕ!"

"ಏನು ಉಂಡ್ರಿ?"

"ನರ್ಸಮ್ಮ ಉಂಡಾಳ ಅಂತ ಮೈಕಿನ್ಯಾಗ ಸಾರಿದವರು ನೀವ ಹೇಳ್ರಿ!"

ಮೌನೇಶ್ ಪಿಳಿಪಿಳಿ ನೋಡಿ ಹಣೆ ಬಡಿದುಕೊಂಡ. "ಬೀರಪ್ಪನ ಭಂಡಾರದ ಆಣಿ! ಅದು ತೆಲುಗುರೀ! ಸಾಹೇಬ್ರಿಗೆ ಕನ್ನಡ ಬರಂಗಿಲ್ಲಂತ ತೆಲುಗಿನ್ಯಾಗ ಕೂಗಿದ್ವಿ. 'ನರ್ಸಮ್ಮ ಉಂಡಾಲಿ!' ಅಂದ್ರ... ನರ್ಸಮ್ಮ ಇಲ್ಲೇ ಇರಬೇಕು!"

ಕಟ್ಟೆಯ ಮೇಲಿದ್ದ ಆಶಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸುಡ್ಲಿ ನನ್ನ ಕಿವಿ! ತೆಲುಗು ಅದಕ್ಕ ಎಂದು ಹತ್ತೈತಿ?" ಎನ್ನುತ್ತ ಮೆಲ್ಲಗೆ ಎದ್ದು ಹೋದಳು.

ನವನೀತಾಳಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ನೊಂದ ಮನಸ್ಸಿಗೆ ಮಾತ್ರ ಯಾವ ಭಾಷೆಯೂ ತಿಳಿದಿರಲಿಲ್ಲ.

"ಕಾರ್ಡು ಬೇಕೇ ಬೇಕಂತ ನಾ ಇವತ್ತೂ ಅಂತೀನಿ," ಎಂದಳು.

"ಅನ್ರಿ. ಬಾಗಲಾ ತೆರೆದಿಟ್ಟು ಅನ್ರಿ."

"ಊರ ಸಲುವಾಗಿ ಇಷ್ಟು ಕೂಗಿದ್ರೇನು?"

ಅವನು ತಲೆ ತಗ್ಗಿಸಿದ. "ಮೊದಲ ಹತ್ತು ಸಲ ಊರ ಸಲುವಾಗಿ. ಗಂಟಲು ಬಿದ್ದದ್ದು... ನನ್ನ ಸಲುವಾಗಿ."

ಅವಳು ಪತ್ರವನ್ನು ನಿಧಾನವಾಗಿ ಹರಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಈಗ ಮೈಕಿಲ್ಲ. ಮೆಲ್ಲಕ ಕೇಳ್ರಿ... ಕನ್ನಡದಾಗ."

"ಇರ್ತೀರೇನ್ರಿ... ನನ್ನ ಕೂಡ?"

"ಇರ್ತೀನಿ. ಆದ್ರ ಸೋಲಂಗಿಲ್ಲ!"

"ಸೋಲಬ್ಯಾಡ್ರಿ," ಎಂದ ಮೌನೇಶ್. "ಸೋತ್ರ ನಾ ದಿನಾ ಯಾರ ಕೂಡ ಜಗಳಾಡ್ಲಿ?"