ಹೂಂ ಎನ್ನುವ ಬಾವಿ

ವುಗಾರ್ ಮೊದಲ ಸಲ ಬಾಗಿಲು ಬಡಿದಾಗ ಸೊನಾ ಅವನನ್ನು ಗ್ಯಾಸ್ ಮೀಟರ್ ನೋಡುವವನೆಂದುಕೊಂಡಳು.

"ಮೀಟರ್ ಹಿಂದುಗಡೆ ಇದೆ. ಬೂಟು ಬಿಚ್ಚಿ ಬನ್ನಿ."

"ಮೀಟರಿಗಲ್ಲ. ನಿಮ್ಮ ಎಣ್ಣೆಬಾವಿ ಮುಚ್ಚೋಕೆ ಬಂದಿದೀನಿ."

"ಹಾಗಾದ್ರೆ ಬೂಟು ಕಾಲಲ್ಲೇ ಇರ್ಲಿ. ಓಡೋಕೆ ಬೇಕಾಗತ್ತೆ. ಅಪ್ಪ ಒಳಗಿದಾರೆ."

ಅವನು ನಕ್ಕ. ಸೊನಾಳಿಗೂ ನಗು ಬಂತು. ನಕ್ಕ ಮೇಲೆ ಅವಳಿಗೇ ಗಾಬರಿಯಾಯಿತು. ಆ ಮನೆಯಲ್ಲಿ ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಬಾಕು ಪಟ್ಟಣದ ಹೊರಗಿನ ಆ ಬಯಲಿನಲ್ಲಿ ಬಾವಿಗಳು ಒಂದೊಂದಾಗಿ ಬತ್ತಿದ್ದವು. ಅವುಗಳ ಬಾಯಿಗೆ ಸಿಮೆಂಟು ತುಂಬಿ, ಮೇಲೆ ಸೋಲಾರ್ ಹಲಗೆ ನೆಡುತ್ತಿದ್ದರು. ಸಮುದ್ರದ ಕಡೆ ಗಾಳಿಯಂತ್ರಗಳು ಆಗಲೇ ತಿರುಗುತ್ತಿದ್ದವು. ಎಣ್ಣೆಯ ದುಡ್ಡು ಯಾರ ಮನೆ ಸೇರಿತು, ಕೆಮ್ಮು ಯಾರ ಮನೆಯಲ್ಲಿ ಉಳಿಯಿತು ಎಂಬುದು ಗೊತ್ತಿದ್ದ ಜನ ಎಣ್ಣೆಗಾಗಿ ಕಣ್ಣೀರು ಹಾಕಲಿಲ್ಲ.

ಉಳಿದದ್ದು ಒಂದೇ ಪಂಪು. ಅದನ್ನು ನೋಡಿಕೊಳ್ಳುತ್ತಿದ್ದವನು ಸೊನಾಳ ಅಪ್ಪ ಅಗಾಬಾಲಾ. ಅವನ ಮಗ ತಾಹಿರ್ ಸಮುದ್ರದ ನಡುವಿನ ಎಣ್ಣೆಕಟ್ಟೆಯ ಕೆಲಸಕ್ಕೆ ಹೋದವನು ಚಳಿಗಾಲದ ಬಿರುಗಾಳಿಗೆ ಸಿಕ್ಕ. ಹೆಣ ಸಿಗಲಿಲ್ಲ. ಅಗಾಬಾಲಾ ಅಳಲಿಲ್ಲ, ಸತ್ತವರ ಹೆಸರಲ್ಲಿ ಹಾಕುವ ನಲವತ್ತನೇ ದಿನದ ಊಟ ಹಾಕಲಿಲ್ಲ. ದಿನಾ ಬೆಳಿಗ್ಗೆ ಪಂಪಿನ ಮುಂದೆ ನಿಂತು ಕೇಳುತ್ತಿದ್ದ, "ತಾಹಿರ್ ಬರ್ತಾನಾ?"

ಪಂಪು ಏತದ ಹಾಗೆ ಕತ್ತು ಬಗ್ಗಿಸುತ್ತಿತ್ತು.

"ಹೂಂ ಅಂತಿದೆ" ಎಂದು ಮನೆಗೆ ಬಂದು ರೊಟ್ಟಿ ತಿನ್ನುತ್ತಿದ್ದ.

ಇದನ್ನು ಕಂಡ ಮೇಲೆ ವುಗಾರನಿಗೆ ಬಾವಿ ಮುಚ್ಚಲು ಕೈ ಏಳಲಿಲ್ಲ. ಒಮ್ಮೆ ಗಾಳಿ ಜೋರೆಂದ, ಒಮ್ಮೆ ಸಿಮೆಂಟು ಬಂದಿಲ್ಲವೆಂದ. ನೆಪ ಹೇಳಲು ಬಂದವನಿಗೆ ಸೊನಾ ಚಹಾ ಕೊಡುತ್ತಿದ್ದಳು.

"ಇವತ್ತೇನು ನೆಪ?"

"ಇವತ್ತು ನೆಪ ಇಲ್ಲ. ಸುಮ್ನೆ ಬಂದೆ."

ಅವಳು ಲೋಟ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಕಿವಿ ಕೆಂಪಾದದ್ದನ್ನು ಬೆನ್ನು ಮುಚ್ಚಲಿಲ್ಲ. ಅವನು ಚಹಾ ಆರುವವರೆಗೂ ಆ ಕಿವಿಯನ್ನೇ ನೋಡುತ್ತಾ ಕೂತ.

ನೆಪಗಳು ಮುಗಿದವು. ಮೇಲಿನವರು ಗದರಿದರು.

"ನಾಳಿದ್ದು ಮುಚ್ಚಲೇಬೇಕು ಸೊನಾ. ಆಮೇಲೆ ನಿಮ್ಮಪ್ಪ ನನ್ನ ಮುಖ ನೋಡ್ತಾರಾ?"

"ಮುಚ್ಚೋ ಮುಂಚೆ ಹೆಣ್ಣು ಕೇಳೋಕೆ ಬಾ."

"ಅದು ಮೋಸ ಅಲ್ವಾ?"

"ಮುಚ್ಚೋನು ನಾನೇ ಅಂತ ಹೇಳೇ ಕೇಳು."

ಮರುದಿನ ಸಂಜೆ ಅವನು ಚಿಕ್ಕಪ್ಪನ ಜೊತೆ ಬಂದ. ಹೆಣ್ಣು ಕೇಳಲು ಬಂದವರಿಗೆ ಮನೆಯ ಯಜಮಾನ ಒಪ್ಪಿದರೆ ಸಿಹಿ ಚಹಾ. ಅಲ್ಲಿಯವರೆಗೂ ಸಕ್ಕರೆ ಇಲ್ಲದ ಚಹಾ.

"ಬಾವಿ ಮುಚ್ಚೋನು ನೀನೇನಾ?" ಎಂದ ಅಗಾಬಾಲಾ.

"ಹೌದು ಮಾಮ. ನಾಳೆ ಬೆಳಿಗ್ಗೆ. ಬೇರೆಯವರ ಕೈಗೆ ಬಿಡಲ್ಲ."

"ಸೊನಾ, ಚಹಾ ತಾ. ಸಕ್ಕರೆ ಬೇಡ."

ಅಡುಗೆಮನೆಯಲ್ಲಿ ಸೊನಾ ಸಕ್ಕರೆ ಡಬ್ಬಿ ಎಳೆದುಕೊಂಡಳು. ಸತ್ತವನಿಗಾಗಿ ಇನ್ನೆಷ್ಟು ದಿನ ಬದುಕಿದವರು ಕಾಯಬೇಕು? ಒಂದು ಲೋಟಕ್ಕೆ ಮಾತ್ರ ಸಕ್ಕರೆ ಹಾಕಿ ಕಲಕಿದಳು. ಅಪ್ಪ ಬೇಡವೆಂದರೂ ನಾನು ಹೂಂ ಅಂದೆನೆಂದು ಅವನೊಬ್ಬನಿಗೆ ಗೊತ್ತಾದರೆ ಸಾಕಿತ್ತು. ಅದನ್ನೇ ವುಗಾರನ ಮುಂದಿಟ್ಟು, ಒಮ್ಮೆ ಅವನನ್ನು ನೆಟ್ಟಗೆ ನೋಡಿದಳು.

ಮಹಾನುಭಾವನಿಗೆ ಅರ್ಥವಾಗಲಿಲ್ಲ. ಹಿರಿಯರಿಗಿಂತ ಮೊದಲು ತುಟಿಗಿಡಬಾರದೆಂದು ಕಲಿತು ಬೆಳೆದವನು. ಎರಡೂ ಕೈಯಲ್ಲಿ ಆ ಲೋಟವನ್ನೆತ್ತಿ ಅಗಾಬಾಲಾನಿಗೆ ಕೊಟ್ಟ.

ಸೊನಾ ತಡೆಯಲು ಕೈ ಚಾಚುವಷ್ಟರಲ್ಲಿ ಅಪ್ಪ ಅದನ್ನು ತೆಗೆದುಕೊಂಡಿದ್ದ.

ಅಗಾಬಾಲಾ ಒಂದು ಗುಟುಕು ಕುಡಿದು ಲೋಟವನ್ನು ತುಟಿಯಿಂದ ತೆಗೆದ. ಮಗಳ ಮುಖ ನೋಡಿದ. ತಳದವರೆಗೂ ಕುಡಿದ.

"ಹೆಣ್ಣು ಮನೆ ಬಿಡುವಾಗ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟೋನು ಅಣ್ಣ. ಅವನು ಬರ್ಲಿ. ಆಮೇಲೆ ಮಾತಾಡೋಣ."

ಚಿಕ್ಕಪ್ಪ ತಲೆ ತಗ್ಗಿಸಿ ಎದ್ದ. ವುಗಾರನೂ ಎದ್ದ.

ಅವರು ಹೋದ ಮೇಲೆ ಸೊನಾ ಹೇಳಿದಳು, "ಅಣ್ಣ ಬರಲ್ಲ ಅಪ್ಪ."

ಆ ಮಾತು ಆ ಮನೆಯಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಸಿಮೆಂಟಿನ ಗಾಡಿ ಬಂತು. ವುಗಾರ್ ಸ್ವಿಚ್ಚಿಗೆ ಕೈ ಹಾಕಿದಾಗ ಅಗಾಬಾಲಾ ಅವನನ್ನು ಪಕ್ಕಕ್ಕೆ ಸರಿಸಿದ.

"ನಾನೇ ನಿಲ್ಲಿಸ್ತೀನಿ."

ಪಂಪು ಇನ್ನೊಮ್ಮೆ ಬಗ್ಗಿ, ಅರ್ಧ ಎದ್ದು, ನಿಂತಿತು. ಬಯಲಿನಲ್ಲಿ ಗಾಳಿಯ ಸದ್ದು ಮಾತ್ರ ಉಳಿಯಿತು.

"ತಾಹಿರ್ ಬರ್ತಾನಾ?"

ಪಂಪು ಅಲುಗಲಿಲ್ಲ.

"ಹೇಳು, ಬರ್ತಾನಾ?"

ಎಣ್ಣೆ ನೆಂದ ಮರಳಿನ ಮೇಲೆ ಮುದುಕ ಕುಸಿದು ಕೂತ. ಮಗನ ಹೆಸರು ಹಿಡಿದು ಗಂಟಲು ಹರಿಯುವಂತೆ ಅತ್ತ. ವುಗಾರ್ ಅವನನ್ನು ತಬ್ಬಿಕೊಂಡ. ಸೊನಾ ಓಡಿಬಂದು ಅಪ್ಪನ ಕಾಲ ಬಳಿ ಕೂತಳು. ಅಣ್ಣನಿಗಾಗಿ ಅವಳೂ ಅಂದೇ ಮೊದಲ ಸಲ ಬಾಯಿ ಬಿಟ್ಟು ಅತ್ತಳು.

ಬಾವಿಯ ಬಾಯಿ ಮುಚ್ಚಿದಾಗ ಹೊತ್ತು ನೆತ್ತಿಗೇರಿತ್ತು.

"ನಲವತ್ತು ದಿನ ನನ್ನ ಮಗನಿಗೆ ಅಳ್ತೀನಿ," ಎಂದ ಅಗಾಬಾಲಾ. ವುಗಾರನ ಭುಜ ಹಿಡಿದ. "ಆಮೇಲೆ ಚಿಕ್ಕಪ್ಪನ್ನ ಕರ್ಕೊಂಡು ಬಾ. ಪಟ್ಟಿ ನಾನೇ ಕಟ್ತೀನಿ." ಮಗಳ ಕಡೆ ತಿರುಗಿದ. "ಇವನ ಲೋಟ ನಿನ್ನೆ ನಾನು ಕುಡಿದುಬಿಟ್ಟೆ. ಅದನ್ನ ಇವನಿಗೆ ವಾಪಸ್ ಕೊಡು."

ಸೊನಾ ಅತ್ತ ಮುಖದಲ್ಲೇ ಹೋಗಿ ಚಹಾ ತಂದಳು. ಸಿಮೆಂಟು ಮೆತ್ತಿದ ಕೈಯಲ್ಲಿ ವುಗಾರ್ ಲೋಟ ತೆಗೆದುಕೊಂಡ. ಈ ಸಲ ಅದನ್ನು ಯಾರಿಗೂ ಕೊಡಲಿಲ್ಲ.